ಚೆಂಡು ಕೈಬಿಟ್ಟ ಮೇಲೆ

ಆಟದ ಗಡಿಯಾರ ಸೊನ್ನೆ ಮುಟ್ಟಿ ಬೋರ್ಡಿನ ಅಂಚಿನ ಕೆಂಪು ದೀಪ ಹತ್ತುವಾಗ ಚೆಂಡು ಆಟಗಾರನ ಬೆರಳಿಗೆ ಇನ್ನೂ ತಾಗಿಕೊಂಡಿದ್ದರೆ ಬ್ಯಾಸ್ಕೆಟ್‌ಬಾಲ್‌ನಲ್ಲಿ ಆ ಎಸೆತಕ್ಕೆ ಬೆಲೆಯಿಲ್ಲ. ಬೆರಳು ಬಿಟ್ಟು ಹೋಗಿದ್ದರೆ, ಅದು ಬುಟ್ಟಿ ಸೇರುವುದು ದೀಪ ಹತ್ತಿದ ಮೇಲಾದರೂ ಅಂಕ ಉಂಟು. ಕೊನೆಯ ಕ್ಷಣದ ಎಸೆತದಲ್ಲಿ ಸಂಶಯ ಬಂದಾಗ ತೀರ್ಪುಗಾರರು ಪರದೆಯ ಮುಂದೆ ನಿಂತು ಮತ್ತೆ ಮತ್ತೆ ಪರೀಕ್ಷಿಸುವುದು ಇದೊಂದನ್ನೇ: ದೀಪ ಹತ್ತುವ ಮೊದಲು ಕೈ ಬಿಟ್ಟಿತ್ತೇ, ಇಲ್ಲವೇ? ಆಟಗಾರ ಮಾಡಬೇಕಾದದ್ದು ಅಲ್ಲಿಗೆ ಮುಗಿಯಿತೆಂದು ನಿಯಮವೇ ಒಪ್ಪಿಕೊಂಡಿದೆ. ಆದರೆ ಅಂಕ ಬರುವುದು ಚೆಂಡು ಬುಟ್ಟಿಗೆ ಬಿದ್ದರೆ ಮಾತ್ರ. ಈ ಎರಡರ ನಡುವೆ ಇರುವ ಒಂದೆರಡು ಸೆಕೆಂಡಿನಲ್ಲಿ ಬಹು ಹಳೆಯ ಪ್ರಶ್ನೆಯೊಂದು ಅಡಗಿದೆ. ಮಾಡಿದ್ದು ನನ್ನದು, ಸರಿ; ಆದದ್ದು ಯಾರದು? ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ಟೂರ್ನಿಯಲ್ಲಿ ಜನ ಮರೆಯದೆ ಉಳಿಸಿಕೊಂಡಿರುವ ಕ್ಷಣಗಳನ್ನು ಒಂದೊಂದಾಗಿ ನೋಡಿದರೆ ಈ ಪ್ರಶ್ನೆಗೆ ಒಂದು ಉತ್ತರ ಸಿಗುತ್ತದೆಂದು ನನ್ನ ನಂಬಿಕೆ. ಮನುಷ್ಯನ ಯೋಗ್ಯತೆಯನ್ನು ಅಳೆಯಬೇಕಾದದ್ದು ಚೆಂಡು ಅವನ ಕೈಯಲ್ಲಿ ಇರುವವರೆಗೆ. ಆಮೇಲಿನದು ನಿಜವೇ ಆದರೂ, ಮುಖ್ಯವೇ ಆದರೂ, ಅದು ಅವನ ಯೋಗ್ಯತೆಯ ಸಾಕ್ಷಿಯಲ್ಲ.

ಈ ಪ್ರಶ್ನೆಯನ್ನು ಇಷ್ಟು ಮೊನಚಾಗಿ ಎತ್ತುವ ಸ್ಪರ್ಧೆ ಇನ್ನೊಂದು ಸಿಗುವುದು ಕಷ್ಟ. 1939ರಲ್ಲಿ 8 ತಂಡಗಳಿಂದ ಆರಂಭವಾದ ಎನ್‌ಸಿಎಎ ಟೂರ್ನಿಯಲ್ಲಿ ಈಗ 68 ತಂಡಗಳು ಆಡುತ್ತವೆ. ಒಮ್ಮೆ ಸೋತವರು ಮನೆಗೆ. ಎರಡನೇ ಅವಕಾಶ ಎಂಬುದಿಲ್ಲ. ಆಡುವವರು ಹೆಚ್ಚಾಗಿ 18ರಿಂದ 22ರ ಪ್ರಾಯದ ವಿದ್ಯಾರ್ಥಿಗಳು. ಆಟದ ಹುಟ್ಟಿನಲ್ಲೂ ಧರ್ಮದ ಸಂಬಂಧವಿದೆ. 1891ರ ಡಿಸೆಂಬರ್‌ನಲ್ಲಿ ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನಲ್ಲಿ, ವೈಎಂಸಿಎ ತರಬೇತಿ ಶಾಲೆಯಲ್ಲಿ ಈ ಆಟವನ್ನು ರೂಪಿಸಿದ ಜೇಮ್ಸ್ ನೈಸ್ಮಿತ್ ದೈವಶಾಸ್ತ್ರ ಓದಿದವರು. ಒರಟುತನಕ್ಕೆ ಎಡೆಯಿರದ ಆಟ ಅವರಿಗೆ ಬೇಕಿತ್ತು. ಗುರಿಯನ್ನು ನೆಲಮಟ್ಟದಲ್ಲಿಟ್ಟರೆ ಜೋರಾಗಿ ಬೀಸುವವನೇ ಗೆಲ್ಲುತ್ತಾನೆ. ಅದನ್ನು ತಲೆಯ ಮೇಲೆ, ಬಾಯಿ ಮೇಲ್ಮುಖವಾಗಿ ಇಟ್ಟರೆ ಚೆಂಡನ್ನು ಕಮಾನಿನಂತೆ ಮೆಲ್ಲನೆ ತೂರಬೇಕಾಗುತ್ತದೆ ಎಂದು ಯೋಚಿಸಿ, ಪೀಚ್ ಹಣ್ಣಿನ ಬುಟ್ಟಿಗಳನ್ನು 10 ಅಡಿ ಎತ್ತರದಲ್ಲಿ ಹೊಡೆಸಿದರು. ಹಾಗಾಗಿ ಪ್ರತಿ ಎಸೆತದಲ್ಲೂ ಚೆಂಡು ಯಾರಿಗೂ ಸೇರದೆ ಗಾಳಿಯಲ್ಲಿರುವ ಒಂದು ಅವಧಿ ಈ ಆಟಕ್ಕೆ ಸಹಜವಾಗಿಯೇ ಬಂತು.

1992ರ ಮಾರ್ಚ್ 28ರಂದು ಫಿಲಡೆಲ್ಫಿಯಾದಲ್ಲಿ ಡ್ಯೂಕ್ ಮತ್ತು ಕೆಂಟಕಿ ನಡುವೆ ನಡೆದ ಪಂದ್ಯವನ್ನೇ ತೆಗೆದುಕೊಳ್ಳೋಣ. ಹೆಚ್ಚುವರಿ ಅವಧಿಯಲ್ಲಿ 2.1 ಸೆಕೆಂಡು ಉಳಿದಿದ್ದಾಗ ಕೆಂಟಕಿಯ ಶಾನ್ ವುಡ್ಸ್ ಬೋರ್ಡಿಗೆ ಬಡಿಸಿ ಹಾಕಿದ ಚೆಂಡಿನಿಂದ ಡ್ಯೂಕ್ 102-103ರಿಂದ ಹಿಂದೆ ಬಿತ್ತು. ಆಗ ಗ್ರಾಂಟ್ ಹಿಲ್ ತನ್ನ ತುದಿಯ ಗೆರೆಯಿಂದ ಅಂಗಣದ ಮುಕ್ಕಾಲು ಪಾಲಿನಾಚೆಗೆ ಚೆಂಡನ್ನು ಎಸೆದ. ಕ್ರಿಶ್ಚಿಯನ್ ಲೇಟ್ನರ್ ಜಿಗಿದು ಹಿಡಿದ, ಒಂದು ಬಾರಿ ನೆಲಕ್ಕೆ ತಟ್ಟಿದ, ತಿರುಗಿ ಎಸೆದ. 104-103. ಆ ದಿನ ಲೇಟ್ನರ್ ಹಾಕಿದ 10 ಎಸೆತಗಳೂ 10 ಫ್ರೀ ಥ್ರೋಗಳೂ ಒಂದೂ ತಪ್ಪಲಿಲ್ಲ. ಟೂರ್ನಿಯ ಅತ್ಯಂತ ಪ್ರಸಿದ್ಧ ಎಸೆತ ಯಾವುದೆಂದು ಕೇಳಿದರೆ ಬಹಳ ಮಂದಿ ಇದನ್ನೇ ಹೆಸರಿಸುತ್ತಾರೆ. ಆದರೆ ಅದೇ ವರ್ಷ, ಕೆಲವು ವಾರಗಳ ಹಿಂದೆ, ವೇಕ್ ಫಾರೆಸ್ಟ್ ವಿರುದ್ಧದ ಪಂದ್ಯದ ಕೊನೆಯಲ್ಲಿ ಇದೇ ಹಿಲ್ ಇದೇ ಲೇಟ್ನರ್‌ಗೆ ಇಂಥದ್ದೇ ಉದ್ದದ ಪಾಸ್ ಎಸೆದಿದ್ದ. ಅಂದು ಚೆಂಡು ಗಾಳಿಯಲ್ಲಿ ಬಾಗಿ ಪಕ್ಕಕ್ಕೆ ಹೋಯಿತು, ಹಿಡಿಯಲು ಹೋದ ಲೇಟ್ನರ್ ಗೆರೆಯಾಚೆ ಕಾಲಿಟ್ಟ, ಡ್ಯೂಕ್ ಸೋತಿತು. ಇನ್ನೂ ಒಂದು ಸಂಗತಿ. ಕೆಂಟಕಿ ಪಂದ್ಯದಲ್ಲೇ, ಕೊನೆಯ ಎಸೆತಕ್ಕೆ ಬಹಳ ಮೊದಲು, ಕೆಳಗೆ ಬಿದ್ದಿದ್ದ ಎದುರಾಳಿಯ ಎದೆಯ ಮೇಲೆ ಲೇಟ್ನರ್ ಕಾಲಿಟ್ಟಿದ್ದ. ತೀರ್ಪುಗಾರರು ಟೆಕ್ನಿಕಲ್ ಫೌಲ್ ಕೊಟ್ಟರು, ಹೊರಗೆ ಹಾಕಲಿಲ್ಲ. ಹಾಕಿದ್ದರೆ ಆ ಎಸೆತವೇ ಇರುತ್ತಿರಲಿಲ್ಲ. ಇಷ್ಟು ಕೈಗಳು ಕೂಡಿ ಆದದ್ದನ್ನು ಒಬ್ಬನ ಹೆಸರಿನಲ್ಲಿ ಬರೆಯುವುದು ನಮ್ಮ ರೂಢಿ. ಭಗವದ್ಗೀತೆಯ 18ನೇ ಅಧ್ಯಾಯ ಯಾವ ಕೆಲಸ ಆಗುವುದಕ್ಕೂ ಐದು ಕಾರಣಗಳನ್ನು ಹೇಳುತ್ತದೆ: ಕೆಲಸಕ್ಕೆ ಆಧಾರವಾದ ದೇಹ, ಮಾಡುವವನು, ಅವನ ಸಾಧನಗಳು, ಅವನ ಬಗೆಬಗೆಯ ಯತ್ನಗಳು, ಐದನೆಯದಾಗಿ ದೈವ. ತಾನೊಬ್ಬನೇ ಮಾಡಿದೆ ಎಂದುಕೊಳ್ಳುವವನು ಸರಿಯಾಗಿ ಕಾಣುತ್ತಿಲ್ಲ ಎಂಬುದು ಅಲ್ಲಿಯ ಅಭಿಪ್ರಾಯ. ಫಿಲಡೆಲ್ಫಿಯಾದ ಆ 2.1 ಸೆಕೆಂಡನ್ನು ಇದಕ್ಕಿಂತ ನಿಖರವಾಗಿ ಬಿಡಿಸಿ ಹೇಳುವ ಮಾತು ನನಗೆ ತಿಳಿದಿಲ್ಲ.

ಫಲದ ಮೇಲೆ ಬೆಲೆ ಕಟ್ಟುವುದರಿಂದ ಆಗುವ ಅನ್ಯಾಯ ಎಷ್ಟೆಂದು ತಿಳಿಯಬೇಕಾದರೆ 2016ರ ಫೈನಲ್ ನೋಡಬೇಕು. ಹ್ಯೂಸ್ಟನ್‌ನಲ್ಲಿ ಏಪ್ರಿಲ್ 4ರಂದು ವಿಲ್ಲನೋವಾ ವಿರುದ್ಧ ಮೂರು ಅಂಕ ಹಿಂದಿದ್ದ ನಾರ್ತ್ ಕ್ಯಾರೊಲಿನಾದ ಮಾರ್ಕಸ್ ಪೇಜ್, ಮೂರಂಕದ ಗೆರೆಯಾಚೆ ಮೇಲಕ್ಕೆ ಜಿಗಿದ. ತಡೆಯಲು ಎದುರಾಳಿ ಹಾರಿ ಬಂದದ್ದನ್ನು ಕಂಡು, ಎಸೆಯಲು ಎತ್ತಿದ್ದ ಚೆಂಡನ್ನು ಗಾಳಿಯಲ್ಲೇ ಹಿಂದಕ್ಕೆಳೆದುಕೊಂಡು, ನೆಲಕ್ಕಿಳಿಯುವ ಮೊದಲು ಮತ್ತೆ ತೂರಿದ. ಬಿತ್ತು, 74-74. ಉಳಿದದ್ದು 4.7 ಸೆಕೆಂಡು. ಅಷ್ಟರಲ್ಲಿ ರಯಾನ್ ಆರ್ಚಿಡಿಯಾಕೊನೊ ಚೆಂಡನ್ನು ಮುಂದಕ್ಕೆ ತಂದು, ತಾನೇ ಎಸೆಯುವ ಆಸೆ ಬಿಟ್ಟು, ಹಿಂದಿನಿಂದ ಓಡಿ ಬರುತ್ತಿದ್ದ ಕ್ರಿಸ್ ಜೆಂಕಿನ್ಸ್‌ಗೆ ಕೊಟ್ಟ. ಜೆಂಕಿನ್ಸ್ ಎಸೆದದ್ದು ದೀಪ ಹತ್ತುವ ಮುನ್ನ, ಬಿದ್ದದ್ದು ಆಮೇಲೆ. 77-74. ಕೈಚಳಕವನ್ನೂ ಧೈರ್ಯವನ್ನೂ ಮಾತ್ರ ಅಳೆಯುವುದಾದರೆ ಪೇಜ್ ಎಸೆತವೇ ದೊಡ್ಡದು. ಇದರಲ್ಲಿ ನನಗೆ ಸಂದೇಹವಿಲ್ಲ. ಆದರೂ ಅದು ಇನ್ನೊಬ್ಬರ ಕಥೆಯ ಮುನ್ನುಡಿಯಾಗಿ ಉಳಿಯಿತು. 2010ರ ಫೈನಲ್‌ನಲ್ಲಿ ಇಂಡಿಯಾನಾಪೊಲಿಸ್‌ನ ಬಟ್ಲರ್ ಎಂಬ ಸಣ್ಣ ವಿಶ್ವವಿದ್ಯಾಲಯ ಅದೇ ಊರಿನಲ್ಲಿ ಡ್ಯೂಕ್ ವಿರುದ್ಧ ಎರಡು ಅಂಕ ಹಿಂದಿದ್ದಾಗ ಗಾರ್ಡನ್ ಹೇವರ್ಡ್ ಅಂಗಣದ ನಡುಗೆರೆಯ ಬಳಿಯಿಂದ ಎಸೆದ ಚೆಂಡು ಬೋರ್ಡಿಗೂ ಬಳೆಗೂ ಬಡಿದು ಹೊರಕ್ಕೆ ಹೋಯಿತು. 61-59ರಲ್ಲಿ ಡ್ಯೂಕ್ ಗೆದ್ದಿತು. ಹೇವರ್ಡ್‌ನ ಕೈ ಮಾಡಿದ ಕೆಲಸಕ್ಕೂ ಜೆಂಕಿನ್ಸ್‌ನ ಕೈ ಮಾಡಿದ ಕೆಲಸಕ್ಕೂ ನೈತಿಕವಾಗಿ ಏನು ವ್ಯತ್ಯಾಸ? ಆಡಂ ಸ್ಮಿತ್ 1759ರಲ್ಲೇ ಇದನ್ನು ಗಮನಿಸಿದ್ದ. ಉದ್ದೇಶವನ್ನು ನೋಡಿ ಬೆಲೆ ಕಟ್ಟಬೇಕೆಂದು ಎಲ್ಲರೂ ಒಪ್ಪುತ್ತಾರೆ, ಕಟ್ಟುವಾಗ ಮಾತ್ರ ಪರಿಣಾಮ ನೋಡುತ್ತಾರೆ ಎಂಬುದು ಅವನ ವಾದದ ಸಾರ. 1976ರಲ್ಲಿ ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನೇಗಲ್ ಇದೇ ಗಂಟನ್ನು ನೈತಿಕ ಅದೃಷ್ಟ ಎಂಬ ಹೆಸರಿಟ್ಟು ಮತ್ತೆ ಚರ್ಚೆಗೆ ತಂದರು.

ಇದಕ್ಕೆ ಆಟ ಬಲ್ಲವರು ಒಡ್ಡುವ ಮೊದಲ ಆಕ್ಷೇಪ ಗಟ್ಟಿಯಾದದ್ದು. ಚೆಂಡು ಬೀಳುವುದು ಅದೃಷ್ಟದಿಂದಲ್ಲ, ಅಭ್ಯಾಸದಿಂದ. ಸಾವಿರಾರು ಬಾರಿ ಎಸೆದು ಪಳಗಿದ ಕೈ ಬೀಳಿಸುತ್ತದೆ, ಪಳಗದ ಕೈ ತಪ್ಪುತ್ತದೆ. ಹಾಗಿರುವಾಗ ಫಲವೇ ಯೋಗ್ಯತೆಯ ಸಾಕ್ಷಿಯಲ್ಲವೇ ಎನ್ನುತ್ತಾರೆ. ಒಂದು ಋತುವಿನ ಎಲ್ಲ ಎಸೆತಗಳನ್ನು ಕೂಡಿಸಿ ನೋಡಿದರೆ ಅವರ ಮಾತು ನಿಜ. ಅಭ್ಯಾಸ ಚೆಂಡು ಬೀಳುವ ಸಂಭವವನ್ನು ಹೆಚ್ಚಿಸುತ್ತದೆ. ಅದಕ್ಕಾಗಿಯೇ ಅಭ್ಯಾಸಕ್ಕೆ ಗೌರವ ಸಲ್ಲಬೇಕು. ಆದರೆ ಹೆಚ್ಚಿದ ಸಂಭವವೂ ಸಂಭವವೇ. ಹತ್ತರಲ್ಲಿ ನಾಲ್ಕು ಬೀಳಿಸುವ ಒಳ್ಳೆಯ ಕೈಗೆ ಈ ಒಂದು ಎಸೆತ ಆ ನಾಲ್ಕರದೋ ಉಳಿದ ಆರರದೋ ಎಂದು ಆರಿಸಿಕೊಳ್ಳುವ ಅಧಿಕಾರವಿಲ್ಲ. ಟೂರ್ನಿ ಕೇಳುವುದು ಆ ಒಂದನ್ನು ಮಾತ್ರ. ಅಭ್ಯಾಸ ಆಟಗಾರನ ಸ್ವತ್ತು, ಸರಾಸರಿ ಕೂಡ ಬಹುಮಟ್ಟಿಗೆ ಅವನದೇ. ಈ ಸಂಜೆಯ ಈ ಚೆಂಡು ಮಾತ್ರ ಪೂರ್ತಿಯಾಗಿ ಅವನದಲ್ಲ.

ಹಾಗಾದರೆ ಅದು ದೇವರದೇ? ಈ ಪ್ರಶ್ನೆಗೆ ಹೆದರಿ ಹಿಂದೆ ಸರಿಯಬೇಕಾಗಿಲ್ಲ. 2018ರಲ್ಲಿ ಷಿಕಾಗೊದ ಲೊಯೊಲಾ ವಿಶ್ವವಿದ್ಯಾಲಯದ ತಂಡ 11ನೇ ಶ್ರೇಯಾಂಕದಿಂದ ಕೊನೆಯ ನಾಲ್ಕರ ಸುತ್ತಿನವರೆಗೆ ಏರಿತು. ಮಯಾಮಿಯನ್ನು 64-62ರಿಂದ, ಟೆನೆಸ್ಸಿಯನ್ನು 63-62ರಿಂದ, ನೆವಾಡಾವನ್ನು 69-68ರಿಂದ ಸೋಲಿಸಿತು. ಟೆನೆಸ್ಸಿ ವಿರುದ್ಧ ಕ್ಲೇಟನ್ ಕಸ್ಟರ್ ಎಸೆದ ಗೆಲುವಿನ ಚೆಂಡು ಬಳೆಗೆ ತಾಗಿ, ಬೋರ್ಡಿಗೆ ಪುಟಿದು, ಒಳಗೆ ಇಳಿಯಿತು. ತಂಡದ ಜೊತೆ ಗಾಲಿಕುರ್ಚಿಯಲ್ಲಿ ಕುಳಿತು ಪ್ರಾರ್ಥಿಸುತ್ತಿದ್ದ 98ರ ಕ್ರೈಸ್ತ ಸನ್ಯಾಸಿನಿ, ತಂಡದ ಧರ್ಮಗುರು ಸಿಸ್ಟರ್ ಜೀನ್ ಆ ವಸಂತದಲ್ಲಿ ಲೋಕಪ್ರಸಿದ್ಧರಾದರು. ದೇವರು ಒಂದು ತಂಡದ ಪಕ್ಷ ವಹಿಸುತ್ತಾನೆಯೇ ಎಂಬ ಚರ್ಚೆ ಹುಟ್ಟಿದ್ದು ಸಹಜ. ವಹಿಸುತ್ತಾನೆ ಎನ್ನುವುದಾದರೆ ಟೆನೆಸ್ಸಿಯ ಹುಡುಗರ ಪ್ರಾರ್ಥನೆಗೆ ಏನಾಯಿತು ಎಂದು ಹೇಳಬೇಕಾಗುತ್ತದೆ. ಯಾವ ಧರ್ಮವೂ ಆ ಮಾತನ್ನು ಮರ್ಯಾದೆಯಿಂದ ಹೇಳಲಾರದು. ಆದರೆ ಸಿಸ್ಟರ್ ಜೀನ್ ತಾವೇ ತುಂಬಿಸಿದ ಟೂರ್ನಿಯ ಊಹೆಪಟ್ಟಿಯಲ್ಲಿ ತಮ್ಮ ತಂಡ 16ರ ಸುತ್ತಿನಲ್ಲಿ ಸೋಲುತ್ತದೆಂದು ಬರೆದಿದ್ದರು. ಪ್ರಾರ್ಥನೆಯಲ್ಲಿ ಕೊರತೆಯಿದ್ದುದರಿಂದ ಹಾಗೆ ಬರೆದರೆಂದು ನಾನು ತಿಳಿಯುವುದಿಲ್ಲ. ಪ್ರಾರ್ಥನೆ ಒಂದು ಕೆಲಸ, ಫಲದ ಊಹೆ ಇನ್ನೊಂದು. ಎರಡನ್ನೂ ಬೆರೆಸದೆ ಇಟ್ಟುಕೊಳ್ಳಬಲ್ಲ ಮನಸ್ಸು ಅವರದಾಗಿತ್ತು. ಲೊಯೊಲಾ ಜೆಸ್ಯೂಟ್ ಸಂಸ್ಥೆ, ಮಂಗಳೂರಿನವರಿಗೆ 1880ರಿಂದ ಸೇಂಟ್ ಅಲೋಶಿಯಸ್ ಕಾಲೇಜಿನ ಮೂಲಕ ಪರಿಚಿತರಾದ ಅದೇ ಜೆಸ್ಯೂಟರದು. ಅವರ ಮೂಲಪುರುಷ ಲೊಯೊಲಾದ ಇಗ್ನೇಷಿಯಸ್, ಆರೋಗ್ಯ-ಅನಾರೋಗ್ಯ, ಸಿರಿತನ-ಬಡತನ, ಮಾನ-ಅಪಮಾನ ಇವುಗಳಲ್ಲಿ ಮನಸ್ಸು ಒಂದೇ ಕಡೆಗೆ ವಾಲದಂತೆ ಕಾಯ್ದುಕೊಳ್ಳುವುದನ್ನು ಸಾಧನೆಯ ಬುನಾದಿಯಾಗಿಟ್ಟವನು. ಗೀತೆಯ ಸಮತ್ವಕ್ಕೂ ಇದಕ್ಕೂ ಇರುವ ಹತ್ತಿರದ ನಂಟು ಯಾರಿಗಾದರೂ ಕಾಣುತ್ತದೆ. ಉಡುಪಿಯ ಮಧ್ವಾಚಾರ್ಯರ ನಿಲುವಂತೂ ಇಲ್ಲಿ ಇನ್ನೂ ಸ್ಪಷ್ಟ: ಜೀವ ನಿಜವಾಗಿಯೂ ಕರ್ತೃ, ಆದರೆ ಅವನ ಕರ್ತೃತ್ವ ಪರಾಧೀನ. ಚೆಂಡು ಎಸೆದವನು ಎಸೆದದ್ದು ಸುಳ್ಳಲ್ಲ. ಬಿದ್ದದ್ದು ಅವನ ವಶದಲ್ಲಿರಲಿಲ್ಲ ಎಂಬುದೂ ಸುಳ್ಳಲ್ಲ.

ಇನ್ನೊಂದು ಲೊಯೊಲಾ ಇದೆ, ಲಾಸ್ ಏಂಜಲಿಸ್‌ನ ಲೊಯೊಲಾ ಮೇರಿಮೌಂಟ್. ಈ ವಾದಕ್ಕೆ ನನ್ನ ಮುಖ್ಯ ಸಾಕ್ಷಿ ಅಲ್ಲಿಂದ ಬರುತ್ತದೆ. 1990ರ ಮಾರ್ಚ್ 4ರಂದು ಆ ತಂಡದ ಹ್ಯಾಂಕ್ ಗ್ಯಾದರ್ಸ್ ಪಂದ್ಯದ ನಡುವೆ ಅಂಗಣದಲ್ಲಿ ಕುಸಿದು ಅದೇ ದಿನ ತೀರಿಕೊಂಡ, ವಯಸ್ಸು 23. ಬಲಗೈಯವನಾದರೂ ಫ್ರೀ ಥ್ರೋ ಸರಿಯಾಗಿ ಬೀಳುತ್ತಿರಲಿಲ್ಲವೆಂದು ಅವನು ಎಡಗೈಯಲ್ಲಿ ಎಸೆಯುವುದನ್ನು ರೂಢಿಸಿಕೊಂಡಿದ್ದ. ಫಿಲಡೆಲ್ಫಿಯಾದಲ್ಲಿ ಅವನ ಜೊತೆ ಬೆಳೆದ ಗೆಳೆಯ ಬೋ ಕಿಂಬಲ್ ಕೆಲವೇ ದಿನಗಳ ನಂತರ ಟೂರ್ನಿಗೆ ಇಳಿದಾಗ, ಪ್ರತಿ ಪಂದ್ಯದ ತನ್ನ ಮೊದಲ ಫ್ರೀ ಥ್ರೋವನ್ನು ಎಡಗೈಯಲ್ಲಿ ಎಸೆದ. ಅವನು ಬಲಗೈಯ ಆಟಗಾರ. ಎಡಗೈಯಲ್ಲಿ ಎಸೆದರೆ ಅಂಕ ಸಿಗುವ ಸಾಧ್ಯತೆ ಕಡಿಮೆ. ಗೊತ್ತಿದ್ದೇ ಎಸೆದ. ನ್ಯೂ ಮೆಕ್ಸಿಕೊ ಸ್ಟೇಟ್ ವಿರುದ್ಧದ ಮೊದಲ ಪಂದ್ಯದಲ್ಲಿ ಅದು ಬಿತ್ತು. ಆ ಪಂದ್ಯ ಮುಗಿದದ್ದು 111-92ರಲ್ಲಿ. ಒಂದು ಅಂಕದಿಂದ ಆಗಬೇಕಾದದ್ದು ಏನೂ ಇರಲಿಲ್ಲ. ತಂಡ ಮುಂದೆ ಹಿಂದಿನ ವರ್ಷದ ಚಾಂಪಿಯನ್ ಮಿಷಿಗನ್ ಅನ್ನು 149-115ರಿಂದ ಸೋಲಿಸಿ, ಕೊನೆಗೆ ಎಂಟರ ಸುತ್ತಿನಲ್ಲಿ ಯುಎನ್‌ಎಲ್‌ವಿಗೆ 131-101ರಿಂದ ಸೋತಿತು. ಇಲ್ಲಿ ಎರಡನೇ ಆಕ್ಷೇಪ ಬರುತ್ತದೆ: ಚೆಂಡು ಬಿದ್ದದ್ದರಿಂದ ತಾನೇ ನೆನಪಿದೆ, ತಪ್ಪಿದ್ದರೆ? ನನ್ನ ಉತ್ತರ ನೇರವಾದದ್ದು. ತಪ್ಪಿದ್ದರೆ ಆ ಚಿತ್ರವನ್ನು ಟಿವಿಯವರು ಬಹುಶಃ ಇಷ್ಟು ಬಾರಿ ತೋರಿಸುತ್ತಿರಲಿಲ್ಲ. ಆದರೆ ಗೆಳೆಯನಿಗೆ ಸಲ್ಲಿಸಿದ್ದು ಕೈಬಿಟ್ಟ ಗಳಿಗೆಯಲ್ಲೇ ಪೂರ್ತಿ ಸಲ್ಲಿತ್ತು. ಬಳೆಗೆ ಬಡಿದು ಹೊರಗೆ ಬಿದ್ದಿದ್ದರೆ ಅದರಲ್ಲಿ ಒಂದು ಗುಲಗಂಜಿಯಷ್ಟೂ ಕಡಿಮೆಯಾಗುತ್ತಿರಲಿಲ್ಲ. ಅದನ್ನು ನೋಡಿ ಕಣ್ಣೀರು ಹಾಕಿದವರು ಸ್ಕೋರ್ ಬೋರ್ಡಿನ ಒಂದು ಅಂಕಕ್ಕಾಗಿ ಹಾಕಲಿಲ್ಲ.

ಇಲ್ಲಿಯವರೆಗಿನದು ಸುಲಭದ ಭಾಗ. ಕೈಯಲ್ಲಿ ಚೆಂಡು ಇರುವಾಗಲೇ ತಪ್ಪು ಮಾಡಿದವನನ್ನು ಏನೆನ್ನಬೇಕು? ನನ್ನ ಅಳತೆಗೋಲನ್ನೇ ಹಿಡಿದರೆ ಅಂಥವನಿಗೆ ತಪ್ಪಿಸಿಕೊಳ್ಳಲು ಜಾಗವಿಲ್ಲ. 1993ರ ಫೈನಲ್‌ನಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಮಿಷಿಗನ್ ತಂಡ 71-73ರಿಂದ ಹಿಂದಿದ್ದಾಗ, 11 ಸೆಕೆಂಡು ಉಳಿದಿರುವಂತೆ, ಮೂಲೆಯಲ್ಲಿ ಇಬ್ಬರು ಎದುರಾಳಿಗಳ ನಡುವೆ ಸಿಕ್ಕಿಬಿದ್ದ ಕ್ರಿಸ್ ವೆಬ್ಬರ್ ಟೈಮ್‌ಔಟ್ ಕೇಳಿದ. ತಂಡದ ಬಳಿ ಟೈಮ್‌ಔಟ್ ಉಳಿದಿರಲಿಲ್ಲ. ಟೆಕ್ನಿಕಲ್ ಫೌಲ್ ಆಯಿತು, ನಾರ್ತ್ ಕ್ಯಾರೊಲಿನಾ 77-71ರಿಂದ ಗೆದ್ದಿತು. ಆ ಸಂಜೆ 23 ಅಂಕ ಗಳಿಸಿ 11 ರೀಬೌಂಡ್ ಹಿಡಿದಿದ್ದ 20ರ ಹುಡುಗನ ಹೆಸರಿಗೆ ದಶಕಗಳ ಕಾಲ ಅಂಟಿಕೊಂಡದ್ದು ಆ ಒಂದು ಕೈಸನ್ನೆ. ಅದಕ್ಕೂ ಹನ್ನೊಂದು ವರ್ಷ ಹಿಂದೆ, 1982ರಲ್ಲಿ, ಅದೇ ಕ್ರೀಡಾಂಗಣದಲ್ಲಿ ಅದೇ ನಾರ್ತ್ ಕ್ಯಾರೊಲಿನಾ ವಿರುದ್ಧ ಜಾರ್ಜ್‌ಟೌನ್‌ನ ಫ್ರೆಡ್ ಬ್ರೌನ್ ಕೊನೆಯ ಸೆಕೆಂಡುಗಳಲ್ಲಿ ಚೆಂಡನ್ನು ತನ್ನವನೆಂದು ಭ್ರಮಿಸಿ ಎದುರಾಳಿ ಜೇಮ್ಸ್ ವರ್ದಿಯ ಕೈಗೆ ಕೊಟ್ಟಿದ್ದ. 63-62ರಲ್ಲಿ ಪಂದ್ಯ ಮುಗಿಯಿತು. ಇವು ದೈವದ ಮೇಲೆ ಹಾಕಬಹುದಾದ ತಪ್ಪುಗಳಲ್ಲ. ತಪ್ಪು ಮಾಡಿದವನು ಅದರ ಹೊಣೆ ಹೊರಬೇಕು, ಸಾಧ್ಯವಿದ್ದರೆ ಸರಿಪಡಿಸಬೇಕು. ಆದರೆ ಹೊಣೆ ಹೊರುವುದು ಬೇರೆ, ಮನುಷ್ಯನಿಗೆ ಬೆಲೆ ಕಟ್ಟುವುದು ಬೇರೆ. ನಮ್ಮ ಕರ್ಮಸಿದ್ಧಾಂತವನ್ನು ಮಾಡಿದ್ದುಣ್ಣೋ ಮಹರಾಯ ಎಂಬ ಗಾದೆಗೆ ಇಳಿಸುವವರು ಒಂದನ್ನು ಮರೆಯುತ್ತಾರೆ: ಆ ಸಿದ್ಧಾಂತ ಮನುಷ್ಯನನ್ನು ಎಣಿಸಲಾರದಷ್ಟು ಕರ್ಮಗಳ ಉದ್ದದ ಸರಪಳಿಯಾಗಿ ಕಾಣುತ್ತದೆ, ಒಂದು ಕೊಂಡಿಯನ್ನು ಕಿತ್ತು ಇದೇ ಇವನು ಎಂದು ತೋರಿಸುವುದಿಲ್ಲ. ಜಾರ್ಜ್‌ಟೌನ್‌ನ ಕೋಚ್ ಜಾನ್ ಥಾಂಪ್ಸನ್ ಸೋಲು ಖಚಿತವಾದ ಕೂಡಲೇ ಮಾಡಿದ್ದು ಫ್ರೆಡ್ ಬ್ರೌನ್‌ನನ್ನು ಬಾಚಿ ತಬ್ಬಿಕೊಂಡದ್ದು. ಆ ಫೈನಲ್‌ನಲ್ಲಿ ಗೆಲುವಿನ ಎಸೆತ ಎಸೆದವನು ಮೈಕಲ್ ಜೋರ್ಡನ್ ಎಂಬ ಮೊದಲ ವರ್ಷದ ವಿದ್ಯಾರ್ಥಿ. ಹಾಗಿದ್ದೂ ಧರ್ಮದ ದೃಷ್ಟಿಯಿಂದ ಆ ರಾತ್ರಿಯ ದೊಡ್ಡ ಕ್ಷಣ ಆ ಅಪ್ಪುಗೆಯೇ ಎಂದು ನಾನು ಹೇಳುತ್ತೇನೆ.

ಈ ಕಥೆಯನ್ನು ಜನ ಹೇಳುವ ರೀತಿಗೆ ನನ್ನ ತಕರಾರಿದೆ. 1984ರಲ್ಲಿ ಜಾರ್ಜ್‌ಟೌನ್ ಹ್ಯೂಸ್ಟನ್ ತಂಡವನ್ನು 84-75ರಿಂದ ಸೋಲಿಸಿ ಪ್ರಶಸ್ತಿ ಗೆದ್ದಿತು, ಬ್ರೌನ್ ಆ ತಂಡದಲ್ಲಿದ್ದ, ಹಾಗಾಗಿ ಅವನ ತಪ್ಪು ತೊಳೆದುಹೋಯಿತು ಎನ್ನುತ್ತಾರೆ. ವರ್ಜೀನಿಯಾದ ಬಗ್ಗೆಯೂ ಇದೇ ಮಾತು. 2018ರಲ್ಲಿ ಅಗ್ರ ಶ್ರೇಯಾಂಕದ ಆ ತಂಡ, 16ನೇ ಶ್ರೇಯಾಂಕದ ಯುಎಂಬಿಸಿಗೆ 74-54ರಿಂದ ಸೋತಿತು. ಪುರುಷರ ಟೂರ್ನಿಯಲ್ಲಿ ಹಿಂದೆಂದೂ ಹಾಗಾಗಿರಲಿಲ್ಲ. ಕೋಚ್ ಟೋನಿ ಬೆನೆಟ್ ಅದೇ ರಾತ್ರಿ ಮಾಧ್ಯಮದ ಮುಂದೆ ಕುಳಿತು ನೆಪ ಹುಡುಕದೆ ಸೋಲನ್ನು ಒಪ್ಪಿದರು, ಗೆದ್ದವರನ್ನು ಹೊಗಳಿದರು. ಮರುವರ್ಷ ವರ್ಜೀನಿಯಾ ಪ್ರಶಸ್ತಿ ಗೆದ್ದಿತು. ಕಳಂಕ ಕಳೆಯಿತು ಎಂದರು. ಆದರೆ ಆ ಪ್ರಶಸ್ತಿಯ ದಾರಿಯಲ್ಲಿ ಆಬರ್ನ್ ವಿರುದ್ಧದ ಸೆಮಿಫೈನಲ್‌ನಲ್ಲಿ ವರ್ಜೀನಿಯಾ ಆಟಗಾರನ ಡಬಲ್ ಡ್ರಿಬಲ್ ಎಂಬ ತಪ್ಪೊಂದನ್ನು ತೀರ್ಪುಗಾರರು ಗಮನಿಸಲಿಲ್ಲ, ಆಮೇಲೆ 0.6 ಸೆಕೆಂಡು ಉಳಿದಿರುವಾಗ ಸಿಕ್ಕಿದ ಮೂರು ಫ್ರೀ ಥ್ರೋಗಳನ್ನು ಕೈಲ್ ಗೈ ಬೀಳಿಸಿ 63-62ರಿಂದ ಗೆಲ್ಲಿಸಿದ. ಆ ತಪ್ಪಿಗೆ ಸೀಟಿ ಊದಿದ್ದರೆ ಬೆನೆಟ್ ಹಿಂದಿನ ವರ್ಷ ತೋರಿದ ಘನತೆ ಕರಗಿಹೋಗುತ್ತಿತ್ತೇ? ಮುಂದಿನ ಗೆಲುವಿನಿಂದ ಹಿಂದಿನ ಸೋಲನ್ನು ತೊಳೆಯುವ ಈ ಕಥನ, ಫಲವನ್ನೇ ಅಳತೆಗೋಲು ಮಾಡಿಕೊಳ್ಳುವ ಅದೇ ತಪ್ಪಿನ ಇನ್ನೊಂದು ರೂಪ. ಸ್ವಲ್ಪ ತಡವಾಗಿ ಬಂದ ಫಲ, ಅಷ್ಟೇ. ಥಾಂಪ್ಸನ್ ತಬ್ಬಿಕೊಂಡದ್ದು 1982ರಲ್ಲಿ, 1984ರಲ್ಲಿ ಏನಾಗುತ್ತದೆಂದು ತಿಳಿಯದೆ. ಅದರ ಬೆಲೆ ಇರುವುದೇ ಆ ತಿಳಿಯದಿರುವುದರಲ್ಲಿ.

ಫಲ ಲೆಕ್ಕಕ್ಕಿಲ್ಲವೆಂದರೆ ಆಟವೇ ಸಾಯುತ್ತದೆ, ಗೆಲ್ಲಬೇಕೆಂಬ ಹಂಬಲವಿಲ್ಲದೆ ಯಾರು ಮೈಮುರಿದು ಓಡುತ್ತಾರೆ ಎಂಬ ಕೊನೆಯ ಆಕ್ಷೇಪಕ್ಕೂ ಉತ್ತರ ಹೇಳಬೇಕು. ಗುರಿಯಿಡುವುದು ಕರ್ಮದ ಒಳಗೇ ಇದೆ. ಬೀಳಲೆಂದು ಎಸೆಯದವನು ಎಸೆಯಲೇ ಇಲ್ಲ. ಬಿಡಬೇಕಾದದ್ದು ಗುರಿಯನ್ನಲ್ಲ, ಗುರಿ ಮುಟ್ಟಿದ್ದರಿಂದ ದೊಡ್ಡವನಾದೆ ಅಥವಾ ಮುಟ್ಟದ್ದರಿಂದ ಸಣ್ಣವನಾದೆ ಎಂಬ ಎಣಿಕೆಯನ್ನು. ಗೆಲ್ಲಲು ಪೂರ್ತಿ ಹೋರಾಡಿ ಸೋತವರ ಹಿರಿಮೆಗೆ 1963ರ ಮಿಸಿಸಿಪ್ಪಿ ಸ್ಟೇಟ್ ತಂಡ ಸಾಕ್ಷಿ. ಬಿಳಿಯರು ಮಾತ್ರ ಇದ್ದ ಆ ತಂಡ, ಕರಿಯರ ಜೊತೆ ಆಡಬಾರದೆಂಬ ರಾಜ್ಯದ ಕಟ್ಟಳೆಯಿಂದಾಗಿ ಅರ್ಹತೆ ಇದ್ದ ವರ್ಷಗಳಲ್ಲೂ ಟೂರ್ನಿಗೆ ಹೋಗಿರಲಿಲ್ಲ. ಆ ವರ್ಷ ರಾಜ್ಯಪಾಲರ ವಿರೋಧವನ್ನೂ ನ್ಯಾಯಾಲಯದ ತಡೆಯಾಜ್ಞೆಯನ್ನೂ ತಪ್ಪಿಸಿಕೊಂಡು ಗುಟ್ಟಾಗಿ ರಾಜ್ಯ ದಾಟಿ ಮಿಷಿಗನ್‌ನ ಈಸ್ಟ್ ಲ್ಯಾನ್ಸಿಂಗ್ ತಲುಪಿತು. ಮಾರ್ಚ್ 15ರಂದು, ನಾಲ್ವರು ಕರಿಯ ಆಟಗಾರರನ್ನು ಮೊದಲ ಐವರಲ್ಲಿ ಇಳಿಸುತ್ತಿದ್ದ ಷಿಕಾಗೊದ ಲೊಯೊಲಾ ವಿರುದ್ಧ ಆಡಿತು. ಆಟಕ್ಕೆ ಮೊದಲು ಎರಡೂ ತಂಡಗಳ ನಾಯಕರು, ಜೋ ಡ್ಯಾನ್ ಗೋಲ್ಡ್ ಮತ್ತು ಜೆರಿ ಹಾರ್ಕ್‌ನೆಸ್, ಕೈ ಕುಲುಕಿದರು. 61-51ರಲ್ಲಿ ಮಿಸಿಸಿಪ್ಪಿ ಸ್ಟೇಟ್ ಸೋತಿತು. ಆ ಪಂದ್ಯ ಇಂದಿಗೂ ಗೌರವ ಪಡೆಯುತ್ತಿರುವುದು ಈ ಅಂಕಗಳಿಗಾಗಿ ಅಲ್ಲ, ಅಂಕ ಆರಂಭವಾಗುವ ಮೊದಲೇ ಆಗಿಹೋದ ಕೈಕುಲುಕಿಗಾಗಿ.

ಫಿಲಡೆಲ್ಫಿಯಾದ ಆ ಪಂದ್ಯ ಸೋತವರ ಬಗ್ಗೆ ಇನ್ನೂ ಹೇಳಿಲ್ಲ. ರಿಚಿ ಫಾರ್ಮರ್, ಡೆರಾನ್ ಫೆಲ್ಡ್‌ಹಾಸ್, ಜಾನ್ ಪೆಲ್ಫ್ರಿ, ಶಾನ್ ವುಡ್ಸ್ ಈ ನಾಲ್ವರು 1989ರಲ್ಲಿ ಕೆಂಟಕಿಯ ಮೇಲೆ ಶಿಸ್ತುಕ್ರಮವಾಗಿ ಎರಡು ವರ್ಷ ಟೂರ್ನಿಗೆ ನಿಷೇಧ ಬಿದ್ದಾಗ ಬೇರೆ ಕಾಲೇಜಿಗೆ ಹೋಗಬಹುದಾಗಿತ್ತು. ಹೋಗಲಿಲ್ಲ. ಆಡಲು ಸಿಕ್ಕಿದ ಒಂದೇ ಟೂರ್ನಿಯಲ್ಲಿ ಒಂದು ಅಂಕದಿಂದ ಸೋತರು. ಸೋತ ಕೆಲವೇ ದಿನಗಳಲ್ಲಿ ಕೆಂಟಕಿ ವಿಶ್ವವಿದ್ಯಾಲಯ ಅವರನ್ನು ತನ್ನ ಕ್ರೀಡಾಂಗಣಕ್ಕೆ ಕರೆಸಿ, ನಾಲ್ವರ ಜೆರ್ಸಿಗಳನ್ನೂ ಛಾವಣಿಗೇರಿಸಿತು.